ಸಂಸಾರ ಸಮೇತ ಟೋಕಿಯೋಗೆ ಹೊರಟಿದ್ದೇವೆ. ಆರೋಗ್ಯ ವಿಮೆ ಬೆಂಗಳೂರಿನಿಂದಲೇ ಮಾಡಿಸಿಕೊಂಡು ಹೋಗಬೇಕಾ? ಅಮ್ಮನನ್ನು ಆಮೇಲೆ ಕರೆಸಿಕೊಳ್ಳಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಟೋಕಿಯೋದ ಕಂಪನಿಯೊಂದರಲ್ಲಿ ನಿಮಗೆ ಕೆಲಸ ಸಿಕ್ಕಿದೆ. ಹೆಂಡತಿ ಮತ್ತು 4 ವರ್ಷದ ಮಗಳು ಜೊತೆಗೇ ಬರುತ್ತಾರೆ. ಏಜೆಂಟ್ ಒಬ್ಬರು ಮೂವರಿಗೂ ಸೇರಿಸಿ ದುಬಾರಿ ಅಂತರರಾಷ್ಟ್ರೀಯ ಆರೋಗ್ಯ ಪಾಲಿಸಿ ತಗೊಳ್ಳಿ ಅಂತ ಹಿಂದೆ ಬಿದ್ದಿದ್ದಾರೆ. ಊರಿನಲ್ಲಿರುವ ಅಮ್ಮನಿಗೆ ಶುಗರ್, ಬಿಪಿ ಇದೆ, ಅವರನ್ನೂ ಕರೆಸಿಕೊಳ್ಳುವ ಆಸೆ ಇದೆ.

ಆ ಪಾಲಿಸಿ ಬೇಡ. ನಿಮ್ಮ ಮೂವರ ವಿಮೆಯ ಬಗ್ಗೆ ನಿದ್ದೆಗೆಡುವ ಅಗತ್ಯವೇ ಇಲ್ಲ. ಯೋಚನೆ ಮಾಡಬೇಕಾದ್ದು ಅಮ್ಮನ ಬಗ್ಗೆ. ನಾನು ಎದೊಗಾವಾ ವಾರ್ಡಿನ ನಿಶಿ-ಕಸಾಯ್ ಹತ್ತಿರ ಸಂಸಾರದ ಜೊತೆ ಇದ್ದೇನೆ. ಇಲ್ಲಿಗೆ ಹೊಸದಾಗಿ ಬರುವವರೆಲ್ಲ ಇದನ್ನು ತಲೆಕೆಳಗು ಮಾಡುತ್ತಾರೆ. ತಮಗೆ ಬೇಡದ ಪಾಲಿಸಿಗೆ ದುಡ್ಡು ಸುರಿಯುತ್ತಾರೆ, ಅಪ್ಪ-ಅಮ್ಮ ಬರುವಾಗ ಮಾತ್ರ ಸುಮ್ನೆ ಯಾವುದೋ ಅಗ್ಗದ ಟ್ರಾವೆಲ್ ಪಾಲಿಸಿ ಹಿಡಿಸುತ್ತಾರೆ.

ಜಪಾನಿನಲ್ಲಿ ಮೂರು ತಿಂಗಳಿಗಿಂತ ಜಾಸ್ತಿ ಇರಲು ಬಂದವರೆಲ್ಲ ಸರ್ಕಾರಿ ಆರೋಗ್ಯ ವಿಮೆಗೆ ಸೇರಲೇಬೇಕು. ಬೇಕೋ ಬೇಡವೋ ಅಂತ ಕೇಳುವ ಪ್ರಶ್ನೆಯೇ ಇಲ್ಲ. ಇಲ್ಲಿನ ಕಂಪನಿ ಸಂಬಳ ಕೊಡುತ್ತಿದ್ದರೆ ಕೆಲಸಕ್ಕೆ ಸೇರಿದ ದಿನದಿಂದಲೇ ಅದರ ಮೂಲಕ ಶಕಾಯ್ ಹೊಕೆನ್, ಅಂದರೆ ನೌಕರರ ಸರ್ಕಾರಿ ವಿಮೆ ಶುರು. ಸಂಬಳದ ಸುಮಾರು 10 ಪರ್ಸೆಂಟ್ ಪ್ರೀಮಿಯಂ, ಅದರಲ್ಲಿ ಅರ್ಧ ಕಂಪನಿಯದ್ದು, ಅರ್ಧ ನಿಮ್ಮದು. ಹೆಂಡತಿ, ಮಗಳನ್ನು ಅವಲಂಬಿತರು ಅಂತ ಸೇರಿಸಿದರೆ ಒಂದು ಯೆನ್ ಕೂಡ ಜಾಸ್ತಿ ಆಗುವುದಿಲ್ಲ. ಹಳೆಯ ಕಾಯಿಲೆ ಇದೆಯಾ ಅಂತ ಯಾರೂ ಕೇಳುವುದಿಲ್ಲ, ವೇಟಿಂಗ್ ಪೀರಿಯಡ್ ಇಲ್ಲ, ಇಂಥದ್ದೇ ಆಸ್ಪತ್ರೆಗೆ ಹೋಗಿ ಎನ್ನುವ ನೆಟ್‌ವರ್ಕ್ ಪಟ್ಟಿಯೂ ಇಲ್ಲ. ನಮ್ಮಲ್ಲಿ ಟಿಪಿಎ (ವಿಮಾ ಕಂಪನಿಯ ಪರವಾಗಿ ಕ್ಲೇಮ್ ನೋಡುವ ಮಧ್ಯವರ್ತಿ ಸಂಸ್ಥೆ) ಜೊತೆ ಹೊಡೆದಾಡಿದವರಿಗೆ ಇದು ನಂಬಲು ಕಷ್ಟ. ಡಾಕ್ಟರ್ ಫೀಸು, ಔಷಧಿ, ಸ್ಕ್ಯಾನ್, ಹಲ್ಲಿನ ಹೆಚ್ಚಿನ ಕೆಲಸ, ಎಲ್ಲದರಲ್ಲೂ 30 ಪರ್ಸೆಂಟ್ ನೀವು ಕೊಡುತ್ತೀರಿ, ಉಳಿದದ್ದು ವಿಮೆಯದ್ದು. ಶಾಲೆಗೆ ಸೇರುವ ವಯಸ್ಸಾಗದ ಮಕ್ಕಳಿಗೆ 20 ಪರ್ಸೆಂಟ್. ಅದನ್ನೂ ಟೋಕಿಯೋದ 23 ವಾರ್ಡುಗಳಲ್ಲಿ ವಾರ್ಡೇ ಭರಿಸುತ್ತದೆ. 2023ರ ಏಪ್ರಿಲ್‌ನಿಂದ ಹೈಸ್ಕೂಲು ಮುಗಿಸುವ ವಯಸ್ಸಿನವರೆಗೂ ಈ ಸೌಲಭ್ಯ ಇದೆ. ವಾರ್ಡ್ ಆಫೀಸಿನಲ್ಲಿ ಅರ್ಜಿ ಹಾಕಿ ಮಗುವಿನ ಹೆಸರಿನ ಕಾರ್ಡ್ ಇಸ್ಕೊಳ್ಳಬೇಕು, ಅಷ್ಟೇ.

ನಿಮ್ಮ ಏಜೆಂಟ್ ಖಂಡಿತ ಕೇಳುತ್ತಾರೆ: ದೊಡ್ಡ ಆಪರೇಷನ್ ಆದರೆ 30 ಪರ್ಸೆಂಟೇ ಲಕ್ಷಗಟ್ಟಲೆ ಆಗುತ್ತದಲ್ಲ? ಇಲ್ಲ. ತಿಂಗಳಿಗೆ ಇಷ್ಟು ಅಂತ ಮಿತಿ ಇದೆ, ಅದು ನಿಮ್ಮ ಸಂಬಳದ ಮೇಲೆ ಹೋಗುತ್ತದೆ. ಸಂಬಳ ತಿಂಗಳಿಗೆ 3ರಿಂದ 5 ಲಕ್ಷ ಯೆನ್ ಒಳಗಿದ್ದು, ಒಂದೇ ತಿಂಗಳಲ್ಲಿ 10 ಲಕ್ಷ ಯೆನ್ ಬಿಲ್ ಆಯಿತು ಅಂದುಕೊಳ್ಳಿ. 30 ಪರ್ಸೆಂಟ್ ಅಂದರೆ 3 ಲಕ್ಷ. ಆದರೆ ಬಹಳ ವರ್ಷ ನಡೆದುಬಂದ ಲೆಕ್ಕದಲ್ಲಿ ನಿಮ್ಮ ಕೈಯಿಂದ ಹೋಗುವುದು 87,430 ಯೆನ್ ಮಾತ್ರ. ಈ ಮಿತಿಯನ್ನು ಏರಿಸುವ ಮಾತು ಸರ್ಕಾರದಲ್ಲಿ ಆಗಾಗ ನಡೆಯುತ್ತದೆ, ಹಾಗಾಗಿ ಬಂದ ವರ್ಷದ ಮೊತ್ತ ಎಷ್ಟು ಅಂತ ಕಂಪನಿಯಲ್ಲಿ ಕೇಳಿಕೊಳ್ಳಿ. ಆಸ್ಪತ್ರೆ ಊಟ ಮತ್ತು ಪ್ರತ್ಯೇಕ ರೂಮಿನ ಬಾಡಿಗೆ ಈ ಲೆಕ್ಕದ ಹೊರಗೆ. ನಮ್ಮ ಮನೆಯಲ್ಲಿ ಪಿತ್ತಕೋಶದ ಆಪರೇಷನ್ ಆದಾಗ ಡಿಸ್ಚಾರ್ಜ್ ದಿನ ಬಿಲ್ ನೋಡಿ, ಒಂದು ಸೊನ್ನೆ ಬಿಟ್ಟುಹೋಗಿದೆಯಾ ಅಂತ ಇನ್ನೊಮ್ಮೆ ಓದಿದೆವು.

ವಿಮೆಗೆ ಸೇರದ್ದು ಕೆಲವು ಇವೆ. ಸಹಜ ಹೆರಿಗೆ ಕಾಯಿಲೆಯಲ್ಲ ಅನ್ನುವ ಕಾರಣಕ್ಕೆ ವಿಮೆಯಲ್ಲಿ ಬಂದಿಲ್ಲ, ಬದಲಿಗೆ 2023ರ ಏಪ್ರಿಲ್‌ನಿಂದ 5 ಲಕ್ಷ ಯೆನ್ ಇಡಿಗಂಟಾಗಿ ಕೊಡುತ್ತಿದ್ದಾರೆ. ಹಲ್ಲಿಗೆ ಕ್ಲಿಪ್ ಹಾಕಿಸುವುದು ಸಾಮಾನ್ಯವಾಗಿ ಬರುವುದಿಲ್ಲ. ಇನ್ನೊಂದು, ನಮ್ಮವರ ಅಭ್ಯಾಸದಂತೆ ನೆಗಡಿಗೂ ದೊಡ್ಡಾಸ್ಪತ್ರೆಗೆ ಓಡಬೇಡಿ. 200 ಹಾಸಿಗೆಗಿಂತ ದೊಡ್ಡ ಪ್ರಮುಖ ಆಸ್ಪತ್ರೆಗಳಿಗೆ ಬೇರೆ ಡಾಕ್ಟರ ಪತ್ರ ಇಲ್ಲದೆ ಹೋದರೆ ಮೊದಲ ಭೇಟಿಗೆ 7,000 ಯೆನ್ ಅಥವಾ ಇನ್ನೂ ಜಾಸ್ತಿ ಪ್ರತ್ಯೇಕವಾಗಿ ತೆಗೆದುಕೊಳ್ಳುತ್ತಾರೆ. ಬೀದಿಗೊಂದು ಸಣ್ಣ ಕ್ಲಿನಿಕ್ ಇರುತ್ತದೆ. ಮಕ್ಕಳಿಗೆ ಶೋನಿಕಾ, ಕಿವಿ-ಮೂಗಿಗೆ ಜಿಬಿಕಾ, ಜ್ವರಕ್ಕೆ ನೈಕಾ ಅಂತ ಬೋರ್ಡ್ ನೋಡಿ ಹೋದರಾಯಿತು. ಆಂಬುಲೆನ್ಸ್‌ಗೆ 119, ಅದಕ್ಕೆ ದುಡ್ಡಿಲ್ಲ. ರಾತ್ರಿ ಮಗುವಿಗೆ ಜ್ವರ ಬಂದು ಆಸ್ಪತ್ರೆಗೆ ಹೋಗಬೇಕಾ ಬೇಡವಾ ಅಂತ ಗೊತ್ತಾಗದಿದ್ದರೆ #8000ಕ್ಕೆ ಫೋನ್ ಮಾಡಿ ಕೇಳಬಹುದು.

ಹಾಗಾದರೆ ಊರಿಂದ ಏನೂ ಬೇಡವಾ? ಕೆಲಸಕ್ಕೆ ಸೇರುವ ದಿನಕ್ಕಿಂತ ಮೊದಲೇ ಬಂದಿಳಿಯುವುದಾದರೆ, ಆ ನಡುವಿನ ದಿನಗಳಿಗೆ ಒಂದು ಸಣ್ಣ ಟ್ರಾವೆಲ್ ಪಾಲಿಸಿ ಸಾಕು. ಭಾರತದಲ್ಲಿ ಈಗ ಇರುವ ಆರೋಗ್ಯ ಪಾಲಿಸಿಯನ್ನು ಮಾತ್ರ ದಯವಿಟ್ಟು ನಿಲ್ಲಿಸಬೇಡಿ. ಇಲ್ಲಿದ್ದಾಗ ಅದು ಬಹುತೇಕ ಉಪಯೋಗಕ್ಕೆ ಬರುವುದಿಲ್ಲ, ನಿಜ. ಆದರೆ ನಾಲ್ಕೈದು ವರ್ಷ ಬಿಟ್ಟು ವಾಪಸ್ ಹೋದಾಗ ಹೊಸ ಪಾಲಿಸಿ ತಗೊಂಡರೆ ಹಳೆಯ ಕಾಯಿಲೆಗಳಿಗೆ 3 ವರ್ಷದವರೆಗೆ ಕಾಯಿಸಬಹುದು. ಅಷ್ಟರಲ್ಲಿ ನಮಗೂ ವಯಸ್ಸಾಗಿರುತ್ತದೆ ಅಲ್ವಾ. ಮೊತ್ತ ಕಡಿಮೆ ಮಾಡಿಸಿಕೊಂಡಾದರೂ ಉಳಿಸಿಕೊಳ್ಳಿ.

ಈ ಎಲ್ಲಕ್ಕೂ ಬೇರು ಒಂದೇ ಕಡೆ ಇದೆ, ವಾರ್ಡ್ ಆಫೀಸಿನಲ್ಲಿ. ಕಂಪನಿ ನಿಮ್ಮ ಪರವಾಗಿ ಇಲ್ಲಿನ ಇಮಿಗ್ರೇಷನ್‌ನಲ್ಲಿ ಸಿಓಇ, ಅಂದರೆ ವೀಸಾಗೂ ಮೊದಲು ಬೇಕಾಗುವ ಅರ್ಹತಾ ಪತ್ರ ಮಾಡಿಸುತ್ತದೆ. ಹೆಂಡತಿ, ಮಗಳದ್ದನ್ನೂ ಅದರ ಜೊತೆಗೇ ಹಾಕಿಸಿ, ಆಮೇಲೆ ನೋಡೋಣ ಅಂದರೆ ತಿಂಗಳುಗಟ್ಟಲೆ ಎಳೆಯುತ್ತದೆ. ಅದರ ಆಧಾರದ ಮೇಲೆ ಬೆಂಗಳೂರಿನ ಜಪಾನ್ ಕಾನ್ಸುಲೇಟಿನಿಂದ ವೀಸಾ ಬರುತ್ತದೆ. ಸಿಓಇ ಬಂದ 3 ತಿಂಗಳೊಳಗೆ ಜಪಾನಿಗೆ ಬಂದಿಳಿಯಬೇಕು. ನರಿತಾ ಅಥವಾ ಹನೆದಾದಲ್ಲಿ ಇಳಿದ ಕೂಡಲೇ ಕೈಗೆ ರೆಸಿಡೆನ್ಸ್ ಕಾರ್ಡ್ ಕೊಡುತ್ತಾರೆ, ಅದರಲ್ಲಿ ವಿಳಾಸದ ಜಾಗ ಖಾಲಿ ಇರುತ್ತದೆ. ಮನೆ ಸೇರಿದ 14 ದಿನದೊಳಗೆ ಮೂವರೂ ವಾರ್ಡ್ ಆಫೀಸಿಗೆ ಹೋಗಿ ವಿಳಾಸ ಬರೆಸಬೇಕು. ಮದುವೆ ಮತ್ತು ಜನನ ಪ್ರಮಾಣಪತ್ರದ ಮೂಲ ಪ್ರತಿ, ಜೊತೆಗೆ ಜಪಾನಿ ಅನುವಾದ ಇಟ್ಟುಕೊಂಡಿರಿ. ವಿಳಾಸ ದಾಖಲಾದ ಮೇಲೆ ಮೈ ನಂಬರ್, ಅಂದರೆ ನಮ್ಮ ಆಧಾರ್ ತರಹದ ಗುರುತಿನ ಸಂಖ್ಯೆ ಬರುತ್ತದೆ. 2024ರ ಡಿಸೆಂಬರ್‌ನಿಂದ ಹಳೆಯ ಮಾದರಿಯ ವಿಮೆ ಕಾರ್ಡ್ ಕೊಡುವುದನ್ನು ನಿಲ್ಲಿಸಿ, ಮೈ ನಂಬರ್ ಕಾರ್ಡನ್ನೇ ವಿಮೆ ಕಾರ್ಡಾಗಿ ಬಳಸುವ ವ್ಯವಸ್ಥೆ ಬಂದಿದೆ. ಅದು ಇಲ್ಲದವರಿಗೆ ಬೇರೆ ಪತ್ರ ಕೊಡುತ್ತಾರೆ. ಇಲ್ಲೊಂದು ಕಿರಿಕಿರಿ ಇದೆ. ನಿಮ್ಮ ವೀಸಾ ಅವಧಿ ಮುಗಿದ ದಿನವೇ ಮೈ ನಂಬರ್ ಕಾರ್ಡೂ ಸತ್ತುಹೋಗುತ್ತದೆ. ವೀಸಾ ನವೀಕರಣವಾದರೆ ಇದು ತಾನಾಗಿ ಮುಂದುವರಿಯುವುದಿಲ್ಲ, ಮತ್ತೆ ವಾರ್ಡ್ ಆಫೀಸಿಗೆ ಹೋಗಬೇಕು.

ಕೆಲಸ ಬದಲಾಯಿಸಿದರೆ 14 ದಿನದೊಳಗೆ ಇಮಿಗ್ರೇಷನ್‌ಗೆ ತಿಳಿಸಬೇಕು. ಎರಡು ಕೆಲಸದ ನಡುವೆ ಬಿಡುವು ಬಂದರೆ ಕಂಪನಿ ವಿಮೆ ಇಲ್ಲದವರಿಗಿರುವ ವಾರ್ಡ್ ಆಫೀಸಿನ ಸರ್ಕಾರಿ ವಿಮೆ ಕೊಕುಮಿನ್ ಕೆಂಕೊ ಹೊಕೆನ್‌ಗೆ ಸೇರಬೇಕು, ಇಲ್ಲವೇ ಹಳೆಯ ಕಂಪನಿಯ ವಿಮೆಯನ್ನೇ ಮುಂದುವರಿಸಲು 20 ದಿನದೊಳಗೆ ಅರ್ಜಿ ಹಾಕಬೇಕು. ಒಂದು ತಿಂಗಳು ತಾನೇ ಅಂತ ಬಿಟ್ಟವರಿಗೆ ಆಮೇಲೆ ಪರ್ಮನೆಂಟ್ ರೆಸಿಡೆನ್ಸಿ ಅರ್ಜಿಯಲ್ಲಿ ಕುತ್ತು ಬರುತ್ತದೆ. ವಿಮೆ, ಪೆನ್ಷನ್ ಸರಿಯಾದ ತಾರೀಕಿಗೆ ಕಟ್ಟಿದ್ದೀರಾ ಅಂತ ಅಲ್ಲಿ ಚೆನ್ನಾಗಿ ಕೆದಕುತ್ತಾರೆ. ನಿಮ್ಮ ಹೆಂಡತಿ ಕೆಲಸ ಮಾಡುವುದಾದರೆ ಮೊದಲು ಅನುಮತಿ ತಗೊಳ್ಳಬೇಕು, ಆಗ ವಾರಕ್ಕೆ 28 ಗಂಟೆ ಮಾಡಬಹುದು. ಊರಿಗೆ ಹೋಗಿಬರುವಾಗ ಏರ್‌ಪೋರ್ಟಿನ ಫಾರಂನಲ್ಲಿ ಮರುಪ್ರವೇಶದ ಚೌಕಕ್ಕೆ ಗುರುತು ಹಾಕುವುದನ್ನು ಮರೆಯಬೇಡಿ. ಹಾಕಿದರೆ ಒಂದು ವರ್ಷದೊಳಗೆ ವಾಪಸ್ ಬರಬಹುದು. ಹಾಕದೆ ಹೋದರೆ ಇಲ್ಲಿ ಇರುವ ಹಕ್ಕೇ ಹೋಗುತ್ತದೆ.

ಸಂಬಳದ ಚೀಟಿ ನೋಡಿ ಹೌಹಾರಬೇಡಿ. ಪೆನ್ಷನ್‌ಗೆ ನಿಮ್ಮ ಪಾಲು 9.15 ಪರ್ಸೆಂಟ್. 10 ವರ್ಷ ಕಟ್ಟಿದವರಿಗೆ ಇಲ್ಲಿನ ಪೆನ್ಷನ್ ಬರುತ್ತದೆ. ಅದಕ್ಕೂ ಮೊದಲೇ ಜಪಾನ್ ಬಿಟ್ಟರೆ 2 ವರ್ಷದೊಳಗೆ ಅರ್ಜಿ ಹಾಕಿ ಒಂದಷ್ಟು ವಾಪಸ್ ಪಡೆಯಬಹುದು. ಕಟ್ಟಿದ್ದೆಲ್ಲ ಬರುವುದಿಲ್ಲ, ವಾಪಸ್ ಪಡೆದ ಮೇಲೆ ಆ ವರ್ಷಗಳು ಲೆಕ್ಕದಿಂದ ಅಳಿಸಿಹೋಗುತ್ತವೆ. ಭಾರತ-ಜಪಾನ್ ನಡುವೆ 2016ರ ಅಕ್ಟೋಬರ್ 1ರಿಂದ ಸಾಮಾಜಿಕ ಭದ್ರತಾ ಒಪ್ಪಂದ ಜಾರಿಯಲ್ಲಿದೆ, ಎರಡೂ ದೇಶದ ವರ್ಷಗಳನ್ನು ಕೂಡಿಸಿ ನೋಡುತ್ತಾರೆ. ಹಾಗಾಗಿ ಹೊರಡುವಾಗ ಆತುರ ಬೇಡ. ಇನ್ನೊಂದು ಹೊಡೆತ ಎರಡನೇ ವರ್ಷ ಬೀಳುತ್ತದೆ. ರೆಸಿಡೆಂಟ್ ಟ್ಯಾಕ್ಸ್ ಅಂತ ಸುಮಾರು 10 ಪರ್ಸೆಂಟ್, ಹಿಂದಿನ ವರ್ಷದ ವರಮಾನದ ಮೇಲೆ, ಜೂನ್‌ನಿಂದ ಶುರು. ಮೊದಲ ವರ್ಷ ಕೈಗೆ ಜಾಸ್ತಿ ಬರುತ್ತದೆ ಅಂತ ಅದಕ್ಕೆ ತಕ್ಕ ಬಾಡಿಗೆ ಮನೆ ಹಿಡಿಯಬೇಡಿ.

ಮನೆಯ ಮಾತು ಬಂತು. ಖಾಸಗಿ ಮನೆಗೆ ಡೆಪಾಸಿಟ್, ಮಾಲೀಕರಿಗೆ ಕೊಡುವ ವಾಪಸ್ ಬಾರದ ರೇಕಿನ್, ಬ್ರೋಕರ್ ಫೀಸು, ಗ್ಯಾರಂಟಿ ಕಂಪನಿ ಫೀಸು ಎಲ್ಲ ಸೇರಿ ನಾಲ್ಕೈದು ತಿಂಗಳ ಬಾಡಿಗೆ ಮೊದಲೇ ಹೋಗುತ್ತದೆ. ಯುಆರ್ ಎನ್ನುವ ಸರ್ಕಾರಿ ಸಂಸ್ಥೆಯ ಮನೆಗಳಿಗೆ ರೇಕಿನ್ ಇಲ್ಲ, ಬ್ರೋಕರ್ ಇಲ್ಲ, ಗ್ಯಾರಂಟಿ ಬೇಡ. ನಮ್ಮ ಜನ ನಿಶಿ-ಕಸಾಯ್ ಸುತ್ತಮುತ್ತ ನೆಲೆಸಲು ಇದೂ ಒಂದು ಕಾರಣ. ಅಕ್ಕಿ, ಬೇಳೆ, ಸಾಂಬಾರ್ ಪುಡಿ ಎಲ್ಲ ಇಲ್ಲೇ ಸಿಗುತ್ತದೆ. ಹಸಿ ಕರಿಬೇವು, ಮಾವಿನಹಣ್ಣು ಮಾತ್ರ ಸೂಟ್‌ಕೇಸಿನಲ್ಲಿ ತರಬೇಡಿ, ತಪಾಸಣೆ ಪತ್ರ ಇಲ್ಲದೆ ಬಿಡುವುದಿಲ್ಲ. ಮನೆ ಜೊತೆಗೆ ಬೆಂಕಿ ವಿಮೆ ಮಾಡಿಸುತ್ತಾರೆ. ಅದರಲ್ಲಿ ಬೇರೆಯವರಿಗೆ ಆದ ನಷ್ಟ ತುಂಬಿಕೊಡುವ ಭಾಗ ಇದೆಯಾ ನೋಡಿ. ವಾಷಿಂಗ್ ಮೆಷಿನ್ ಪೈಪು ಬಿಟ್ಟು ಕೆಳಗಿನ ಮನೆಗೆ ನೀರು ಇಳಿದರೆ ಅದೇ ಕಾಪಾಡುವುದು. ಸೈಕಲ್ ಓಡಿಸುವವರಿಗೂ ಟೋಕಿಯೋದಲ್ಲಿ 2020ರ ಏಪ್ರಿಲ್‌ನಿಂದ ವಿಮೆ ಕಡ್ಡಾಯ, ಎಷ್ಟೋ ಸಲ ಈ ಭಾಗವೇ ಅದಕ್ಕೂ ಸಾಕಾಗುತ್ತದೆ. ಇಲ್ಲಿ ಖಾಸಗಿ ವಿಮೆ ಅಂತ ನಾನು ದುಡ್ಡು ಕೊಡುವುದು ಇದಕ್ಕೆ ಮಾತ್ರ.

ಈಗ ಅಮ್ಮ. ಇಲ್ಲಿನ ಡಿಪೆಂಡೆಂಟ್ ವೀಸಾ ಹೆಂಡತಿ ಅಥವಾ ಗಂಡ, ಮಕ್ಕಳಿಗೆ ಮಾತ್ರ. ಅಪ್ಪ-ಅಮ್ಮನಿಗೆ ಇಲ್ಲ. ಒಂದೇ ಒಂದು ಸಂದು ಇದೆ. ವಯಸ್ಸು, ಓದು, ಸಂಬಳದ ಮೇಲೆ 70 ಪಾಯಿಂಟ್ ಬಂದು ನೀವು ಹೈಲಿ ಸ್ಕಿಲ್ಡ್ ವೀಸಾದಲ್ಲಿದ್ದರೆ, ಮನೆಯ ವರಮಾನ ವರ್ಷಕ್ಕೆ 80 ಲಕ್ಷ ಯೆನ್ ದಾಟಿದರೆ, 7 ವರ್ಷದ ಒಳಗಿನ ಮಗುವನ್ನು ನೋಡಿಕೊಳ್ಳಲು ಅಪ್ಪ-ಅಮ್ಮನನ್ನು ಕರೆಸಬಹುದು. ನಿಮ್ಮದಾದರೂ ಸರಿ, ನಿಮ್ಮ ಹೆಂಡತಿಯದಾದರೂ ಸರಿ, ಯಾವುದಾದರೂ ಒಂದು ಕಡೆಯವರು. ಹಾಗೆ ಬಂದವರು ಸರ್ಕಾರಿ ವಿಮೆಗೂ ಸೇರಬಹುದು, ಶುಗರ್ ಇದ್ದರೂ ಅಡ್ಡಿಯಿಲ್ಲ. ನಿಮ್ಮ ಮಗಳಿಗೆ ಈಗಲೇ 4, ಹಾಗಾಗಿ ಪಾಯಿಂಟ್ ಲೆಕ್ಕವನ್ನು ಸಿಓಇ ಹಾಕುವ ಮೊದಲೇ ಕಂಪನಿಯ ಜೊತೆ ಕೂತು ಮಾಡಿಸಿ.

ಅದಾಗದಿದ್ದರೆ ಉಳಿಯುವುದು 90 ದಿನದವರೆಗಿನ ಭೇಟಿ ವೀಸಾ. ನಿಮ್ಮ ಆಹ್ವಾನ ಪತ್ರ, ಗ್ಯಾರಂಟಿ ಪತ್ರ, ವರಮಾನದ ದಾಖಲೆ ಬೇಕು. ಆ 90 ದಿನ ಅಮ್ಮ ಇಲ್ಲಿನ ಯಾವ ಸರ್ಕಾರಿ ವಿಮೆಗೂ ಸೇರುವುದಿಲ್ಲ. ಅವಲಂಬಿತರು ಜಪಾನಿನಲ್ಲೇ ವಾಸ ಇರಬೇಕು ಅಂತ 2020ರ ಏಪ್ರಿಲ್‌ನಿಂದ ನಿಯಮ ಇರುವುದರಿಂದ, ಊರಿನಲ್ಲಿರುವವರನ್ನು ನಿಮ್ಮ ಕಂಪನಿ ವಿಮೆಗೂ ಹಾಕಲಾಗುವುದಿಲ್ಲ. ವಿಮೆ ಇಲ್ಲದ ವಿದೇಶಿಯರಿಗೆ ಆಸ್ಪತ್ರೆಗಳು ತಮ್ಮದೇ ದರ ಹಾಕಬಹುದು, ಕೆಲವು ಕಡೆ ಸಾಮಾನ್ಯ ದರದ ಎರಡು ಮೂರು ಪಟ್ಟು. ಅಲ್ಲೇ ನಾನು ದುಡ್ಡು ಹಾಕಿ ಅನ್ನುವುದು. ಹಿರಿಯ ನಾಗರಿಕರ ಟ್ರಾವೆಲ್ ಪಾಲಿಸಿ ತಗೊಳ್ಳುವಾಗ ಒಟ್ಟು ಮೊತ್ತ ನೋಡಿ ಮರುಳಾಗಬೇಡಿ. ಹಳೆಯ ಕಾಯಿಲೆಯಿಂದ ತೊಂದರೆಯಾದರೆ ಎಷ್ಟು ಕೊಡುತ್ತಾರೆ ಎನ್ನುವ ಸಾಲು ಹುಡುಕಿ. ಬಹಳ ಪಾಲಿಸಿಗಳಲ್ಲಿ ಜೀವಕ್ಕೆ ಅಪಾಯ ಇದ್ದಾಗ ಮಾತ್ರ, ಅದೂ ಸಣ್ಣ ಮೊತ್ತ. ಶುಗರ್, ಬಿಪಿ ಅರ್ಜಿಯಲ್ಲಿ ಬರೆಯಲೇಬೇಕು. ಏಜೆಂಟ್ ಬೇಡ ಅಂದರೂ ಬರೆಯಿರಿ.

ಮಾತ್ರೆಯ ವಿಷಯಕ್ಕೂ ನಿಯಮ ಇದೆ. ಡಾಕ್ಟರ್ ಬರೆದುಕೊಟ್ಟ ಔಷಧಿ ಒಂದು ತಿಂಗಳಿಗಾಗುವಷ್ಟು ಮಾತ್ರ ಹಾಗೇ ತರಬಹುದು, ಇನ್ಸುಲಿನ್ ಪೆನ್ನಿಗೂ ಅಷ್ಟೇ. ಅಮ್ಮ ಮೂರು ತಿಂಗಳಿಗೆ ಬರುವುದಾದರೆ, ಹೆಚ್ಚು ಔಷಧಿ ತರಲು ಒಪ್ಪಿಗೆ ಕೊಡುವ ಯುನ್ಯು ಕಕುನಿನ್‌ಶೋ ಎನ್ನುವ ಪತ್ರಕ್ಕೆ ಹೊರಡುವ ಮೊದಲೇ ಅರ್ಜಿ ಹಾಕಿ ತರಿಸಿಕೊಳ್ಳಬೇಕು. ಮೂಗು ಕಟ್ಟಿದ್ದಕ್ಕೆ ನಮ್ಮಲ್ಲಿ ಕೊಡುವ ಕೆಲವು ಮಾತ್ರೆಗಳಲ್ಲಿ ಸೂಡೋಎಫಿಡ್ರಿನ್ ಇರುತ್ತದೆ. ಅದರ ಪ್ರಮಾಣ 10 ಪರ್ಸೆಂಟ್ ದಾಟಿದರೆ ಇಲ್ಲಿ ತರುವುದೇ ಅಪರಾಧ. ಅಮ್ಮನ ಔಷಧಿ ಡಬ್ಬಿಯ ಚೀಟಿಗಳನ್ನೆಲ್ಲ ಒಮ್ಮೆ ಓದಿ, ಅನುಮಾನ ಬಂದದ್ದನ್ನು ಊರಲ್ಲೇ ಬಿಡಿಸಿ.