ವೀರ್ಯಾಣುಗಳ ಸ್ಟಾಕ್ ಖಾಲಿಯಾಗುತ್ತಾ?

ಪ್ರಶ್ನೆ: ನನಗೆ 34 ವರ್ಷ. ಹೆಂಗಸರಿಗೆ ಐವತ್ತರ ಹೊತ್ತಿಗೆ ಅಂಡಾಣು ಮುಗಿಯುತ್ತೆ, ಗಂಡಸರಿಗೆ ಎಪ್ಪತ್ತಾದರೂ ಮಕ್ಕಳಾಗಬಹುದು ಅಂತಾರೆ. ಹೇಗೆ? ಹಸ್ತಮೈಥುನ ಜಾಸ್ತಿಯಾದರೆ ಸ್ಟಾಕ್ ಖಾಲಿ ಅಂತ ಗೆಳೆಯರು ಹೆದರಿಸ್ತಾರೆ. ಪ್ರಾಣಿಗಳಲ್ಲೂ ಹೀಗೇನಾ?

ಉತ್ತರ: ಗೆಳೆಯರ ಮಾತನ್ನು ಮೊದಲು ಪಕ್ಕಕ್ಕಿಡಿ. ಮುಗಿಯೋಕೆ ಅಲ್ಲಿ ಕೂಡಿಟ್ಟ ಸ್ಟಾಕೇ ಇಲ್ಲ. ವೀರ್ಯಾಣು ದಿನಾ ಹೊಸದಾಗಿ, ಕೋಟಿಗಟ್ಟಲೆ ತಯಾರಾಗುತ್ತದೆ, ನೀವು ಹೊರಹಾಕಿದರೂ ಹಾಕದಿದ್ದರೂ.

ಇದಕ್ಕೆ ಕಾರಣ ವೃಷಣದೊಳಗಿನ ಸಣ್ಣ ಕೊಳವೆಗಳ ಗೋಡೆಗೆ ಅಂಟಿಕೊಂಡಿರುವ ಸ್ಟೆಮ್ ಸೆಲ್‌ಗಳು, ಅಂದರೆ ಮೂಲಕೋಶಗಳು. ಮೊಸರಿನಲ್ಲಿ ನಾಳೆಯ ಹೆಪ್ಪಿಗೆ ಒಂದಿಷ್ಟು ಎತ್ತಿಟ್ಟು ಉಳಿದದ್ದನ್ನು ಊಟಕ್ಕೆ ಬಳಸ್ತೀವಲ್ಲ, ಹಾಗೆ ಇವುಗಳಿಂದ ಹುಟ್ಟಿದ ಕೋಶಗಳಲ್ಲಿ ಕೆಲವು ಸ್ಟೆಮ್ ಸೆಲ್ ಆಗಿಯೇ ಉಳಿಯುತ್ತವೆ, ಮಿಕ್ಕವು ವೀರ್ಯಾಣುವಾಗುವ ದಾರಿ ಹಿಡಿಯುತ್ತವೆ.

ಯಾವುದು ಉಳಿಯಬೇಕು ಅನ್ನೋದನ್ನು ಹೆಚ್ಚಾಗಿ ಸುತ್ತಲಿನ ಜಾಗ ನಿರ್ಧರಿಸುತ್ತದೆ. ಹಣ್ಣಿನ ನೊಣದಲ್ಲಿ ಇದು ಬಲು ಶಿಸ್ತು. ವೃಷಣದ ತುದಿಯಲ್ಲಿ ಒಂದು ಪುಟ್ಟ ಕೋಶಗುಂಪು, ಅದಕ್ಕೆ ತಾಗಿಕೊಂಡು ಕೆಲವೇ ಸ್ಟೆಮ್ ಸೆಲ್. ಒಂದು ಇಬ್ಭಾಗವಾದರೆ ಸಾಮಾನ್ಯವಾಗಿ ಗುಂಪಿಗೆ ತಾಗಿರುವುದು ಉಳಿಯುತ್ತದೆ, ದೂರ ಸರಿದದ್ದು ವೀರ್ಯಾಣುಗಳಾಗುತ್ತದೆ. ಸುಂಡಿಲಿಯಲ್ಲಿ ಹೀಗೆ ಕಾಯ್ದಿರಿಸಿದ ಸೀಟಿಲ್ಲ. ಕೋಶಗಳು ಓಡಾಡುತ್ತವೆ, ಒಂದು ಹೋದರೆ ಪಕ್ಕದ್ದು ಇಬ್ಭಾಗವಾಗಿ ಜಾಗ ತುಂಬುತ್ತದೆ, ಅಂದರೆ ಯಾವೊಂದು ಕೋಶವೂ ಚಿರಂಜೀವಿಯಲ್ಲ, ಗುಂಪು ಮಾತ್ರ ಉಳಿದುಕೊಂಡು ಹೋಗುತ್ತದೆ. ಪಕ್ಕದಲ್ಲಿದ್ದು ಇವನ್ನು ಪೋಷಿಸುವ ಸರ್ಟೋಲಿ ಕೋಶಗಳು ಸುರಿಸುವ ಜಿಡಿಎನ್‌ಎಫ್ ಅನ್ನೋ ಪ್ರೋಟೀನ್ ಕಡಿಮೆಯಾದರೆ ಗುಂಪು ಕರಗುತ್ತದೆ. ಅದೇ ಅತಿಯಾದರೆ ಸ್ಟೆಮ್ ಸೆಲ್ ರಾಶಿ ಬೀಳುತ್ತವೆ, ವೀರ್ಯಾಣು ಮಾತ್ರ ಆಗುವುದಿಲ್ಲ.

ಮನುಷ್ಯರ ಲೆಕ್ಕ ಬೇರೆ. ನಮ್ಮಲ್ಲಿ ಮೂಲದ ಗುಂಪೇ ದೊಡ್ಡದು, ಆಮೇಲಿನ ವಿಭಜನೆಗಳು ಸುಂಡಿಲಿಗಿಂತ ಕಡಿಮೆ. ವೇಗವೂ ಕಡಿಮೆ: ವೀರ್ಯಾಣು ತಯಾರಾಗೋಕೆ ಸುಂಡಿಲಿಗೆ ಸುಮಾರು 35 ದಿನ, ನಮಗೆ 74 ದಿನದ ಹತ್ತಿರ.

ನನಗೆ ತುಂಬಾ ಇಷ್ಟದ ಪ್ರಯೋಗ 1996ರದ್ದು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ರಾಲ್ಫ್ ಬ್ರಿನ್‌ಸ್ಟರ್ ತಂಡ ದೊಡ್ಡ ಇಲಿಯ ಸ್ಟೆಮ್ ಸೆಲ್‌ಗಳನ್ನು ಸುಂಡಿಲಿಯ ವೃಷಣಕ್ಕೆ ಸೇರಿಸಿತು. ಸುಂಡಿಲಿಯೊಳಗೆ ದೊಡ್ಡ ಇಲಿಯ ವೀರ್ಯಾಣು ತಯಾರಾಯಿತು! ಅದಕ್ಕೆ ಹಿಡಿದ ಸಮಯವೂ ದೊಡ್ಡ ಇಲಿಯದ್ದೇ ಅಂತ ಆಮೇಲೆ ಗೊತ್ತಾಯಿತು. ಜಾಗ ಯಾರದ್ದಾದರೂ ಗಡಿಯಾರ ಕೋಶದ್ದೇ. ಜಪಾನಿನಲ್ಲಿ ಯೋಶಿಜಾಕಿ ತಂಡ 2007ರಲ್ಲಿ ಇನ್ನೂ ಮುಂದೆ ಹೋಯಿತು: ಟ್ರೌಟ್ ಮೀನಿನ ವೃಷಣದ ಕೋಶಗಳನ್ನು ಬಂಜೆ ಸಾಲ್ಮನ್ ಮರಿಗಳಿಗೆ ಹಾಕಿದರು, ಗಂಡು ಸಾಲ್ಮನ್‌ನಲ್ಲಿ ಅವು ಟ್ರೌಟ್ ವೀರ್ಯಾಣು ಆದವು, ಹೆಣ್ಣಿನಲ್ಲಿ ಟ್ರೌಟ್ ಮೊಟ್ಟೆ. ವೃಷಣದಿಂದ ಬಂದ ಕೋಶ ಮೊಟ್ಟೆ ಆಗುತ್ತೆ ಅಂದರೆ ನೋಡಿ!

ಇಷ್ಟೆಲ್ಲಾ ಹೇಳಿದೆ ಅಂತ ಗಂಡಸರಿಗೆ ವಯಸ್ಸೇ ಲೆಕ್ಕಕ್ಕಿಲ್ಲ ಅಂದುಕೊಳ್ಳಬೇಡಿ. ಸ್ಟೆಮ್ ಸೆಲ್ ಇಬ್ಭಾಗವಾದಾಗೆಲ್ಲ ಡಿಎನ್‌ಎ ನಕಲಾಗಬೇಕು, ನಕಲಿನಲ್ಲಿ ತಪ್ಪು ನುಸುಳುತ್ತದೆ. ಅಪ್ಪನ ವಯಸ್ಸು ಒಂದು ವರ್ಷ ಹೆಚ್ಚಾದರೆ ಮಗುವಿಗೆ ಹೋಗುವ ಹೊಸ ಮಾರ್ಪಾಡು ಸುಮಾರು ಎರಡು ಹೆಚ್ಚು ಅಂತ 2012ರ ಐಸ್‌ಲ್ಯಾಂಡ್ ಅಧ್ಯಯನ ಲೆಕ್ಕಹಾಕಿತು. ಬಹುಪಾಲು ನಿರುಪದ್ರವಿ, ಎಲ್ಲವೂ ಅಲ್ಲ.

ಈ ಗುಂಪೇ ನಾಶವಾಗೋದೂ ಉಂಟು. ಕ್ಯಾನ್ಸರ್‌ನ ಕೆಲವು ಕೀಮೋ ಔಷಧಿ, ರೇಡಿಯೇಷನ್ ಸ್ಟೆಮ್ ಸೆಲ್‌ಗಳನ್ನೇ ಕೊಲ್ಲಬಹುದು. ಅದಕ್ಕೇ ಚಿಕಿತ್ಸೆ ಶುರುವಾಗುವ ಮೊದಲೇ ವೀರ್ಯ ಫ್ರೀಜ್ ಮಾಡಿಸಿಡಿ ಅಂತ ಹೇಳೋದು. ಜ್ವರ ಹಾಗಲ್ಲ. ಅದು ಬೆಳೆಯುತ್ತಿರುವ ಕೋಶಗಳಿಗೆ ಪೆಟ್ಟು ಕೊಟ್ಟರೂ ಸಾಮಾನ್ಯವಾಗಿ ಮೂಲ ಉಳಿದಿರುತ್ತದೆ. ಜೋರು ಜ್ವರದ ನಂತರ ವೀರ್ಯ ಪರೀಕ್ಷೆಯಲ್ಲಿ ಕೌಂಟ್ ಕಡಿಮೆ ಬಂದರೆ ಗಾಬರಿಯಾಗದೆ, ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಮಾಡಿಸಿ.