ಸುಮ್ನೆ ಕೂತಿರುವ ಸರ್ವರ್‌ಗೂ ಲೈಸೆನ್ಸ್ ಬೇಕಾ?

ಪ್ರಶ್ನೆ: ಸರ್, ನಾನು ಹುಬ್ಬಳ್ಳಿಯ ಒಂದು ಪತ್ತಿನ ಸಹಕಾರ ಸಂಘದಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ನಮ್ಮದು ಒರಾಕಲ್ ಡೇಟಾಬೇಸ್, ಎಂಟರ್‌ಪ್ರೈಸ್ ಎಡಿಷನ್. ಡೇಟಾ ಗಾರ್ಡ್ (ಒರಾಕಲ್‌ನದೇ ನಕಲು ಮಾಡುವ ವ್ಯವಸ್ಥೆ) ಹಾಕಿ ಇನ್ನೊಂದು ಸರ್ವರ್‌ನಲ್ಲಿ ಸ್ಟ್ಯಾಂಡ್‌ಬೈ, ಅಂದರೆ ಮುಖ್ಯ ಡೇಟಾಬೇಸ್‌ನ ಸಿದ್ಧ ನಕಲು, ಇಟ್ಟಿದ್ದೇವೆ. ವರ್ಷಕ್ಕೆ ಹತ್ತು ದಿನದ ತನಕ ಅದಕ್ಕೆ ಲೈಸೆನ್ಸ್ ಬೇಡ ಎಂದು ಹಾಕಿಕೊಟ್ಟವರು ಹೇಳುತ್ತಾರೆ. ನಿಜವಾ?

ಉತ್ತರ: ಇಲ್ಲ. ಹತ್ತು ದಿನದ ನಿಯಮ ಇರುವುದು ನಿಜ, ಆದರೆ ಅದು ನಿಮಗಲ್ಲ. ಒಂದೇ ಸ್ಟೋರೇಜ್ ಹಂಚಿಕೊಂಡ ಕ್ಲಸ್ಟರ್‌ನಲ್ಲಿ (ಸರ್ವರ್‌ಗಳ ಗುಂಪಿನಲ್ಲಿ) ಒಂದು ಸರ್ವರ್ ಕೆಟ್ಟಾಗ ಕೆಲಸ ಬಿಡುವಾಗಿದ್ದ ಇನ್ನೊಂದಕ್ಕೆ ಹೋಗುತ್ತದಲ್ಲ, ಆ ಬಿಡುವಿನ ಸರ್ವರ್‌ಗೆ ಮಾತ್ರ ವರ್ಷಕ್ಕೆ ಒಟ್ಟು 10 ದಿನ ವಿನಾಯಿತಿ. ಒಂದು ಗಂಟೆ ಓಡಿದರೂ ಒಂದು ದಿನದ ಲೆಕ್ಕವೇ. ನಿಮ್ಮ ಸ್ಟ್ಯಾಂಡ್‌ಬೈಗೆ ಅದರದೇ ಡಿಸ್ಕ್ ಇದೆ, ಒರಾಕಲ್ ಅಲ್ಲಿ ಇನ್‌ಸ್ಟಾಲ್ ಆಗಿ ದಿನವಿಡೀ ಲಾಗ್ (ಮುಖ್ಯ ಸರ್ವರ್‌ನ ಬದಲಾವಣೆಗಳ ದಾಖಲೆ) ಹಚ್ಚಿಕೊಳ್ಳುತ್ತಿದೆ. ಹಾಗಾಗಿ ಮುಖ್ಯ ಸರ್ವರ್‌ಗೆ ಇದ್ದಂತೆ ಅದಕ್ಕೂ ಪೂರ್ತಿ ಲೈಸೆನ್ಸ್ ಬೇಕು.

ಇನ್ನೊಂದು ಕಡೆ ಜನ ಜಾಸ್ತಿ ಎಡವುತ್ತಾರೆ. ಸ್ಟ್ಯಾಂಡ್‌ಬೈ ಖಾಲಿ ಇದೆಯಲ್ಲ, ರಿಪೋರ್ಟ್ ಅಲ್ಲಿಂದ ತೆಗೆಯೋಣ ಎಂದು ಲಾಗ್ ಹಚ್ಚುತ್ತಿರುವಾಗಲೇ ಅದನ್ನು ಓದಲು ತೆರೆದುಬಿಡುತ್ತಾರೆ. ಅದು ಆಕ್ಟಿವ್ ಡೇಟಾ ಗಾರ್ಡ್, ಅದಕ್ಕೆ ಬೇರೆ ದುಡ್ಡು. ಬಳಸಿದ್ದನ್ನು ಡೇಟಾಬೇಸೇ ತನ್ನೊಳಗೆ ಬರೆದಿಟ್ಟುಕೊಳ್ಳುತ್ತದೆ, ಆಡಿಟ್‌ಗೆ ಬಂದವರು ಮೊದಲು ನೋಡುವುದೇ ಅದನ್ನು.

ಮೈಕ್ರೋಸಾಫ್ಟ್‌ನ ಡೇಟಾಬೇಸ್ ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಲೆಕ್ಕ ಬೇರೆ. ಸಾಫ್ಟ್‌ವೇರ್ ಅಶ್ಯೂರೆನ್ಸ್ (ಲೈಸೆನ್ಸ್ ಜೊತೆ ದುಡ್ಡು ಕೊಟ್ಟು ಪಡೆಯುವ ಮೈಕ್ರೋಸಾಫ್ಟ್ ಯೋಜನೆ) ಇದ್ದರೆ ಯಾರೂ ಓದದ ಸ್ಟ್ಯಾಂಡ್‌ಬೈಗೆ ಲೈಸೆನ್ಸ್ ಬೇಡ, 2019ರ ನವೆಂಬರ್‌ನಿಂದ ಡಿಆರ್‌ಗೆಂದು (ವಿಪತ್ತಾದಾಗ ಕೆಲಸ ಮುಂದುವರಿಸಲು) ಇಟ್ಟ ಇನ್ನೊಂದಕ್ಕೂ ಬೇಡ. ಉಚಿತ ಡೇಟಾಬೇಸ್ ಪೋಸ್ಟ್‌ಗ್ರೆಸ್‌ನಲ್ಲಿ ಈ ತಲೆನೋವೇ ಇಲ್ಲ, ಎಷ್ಟು ಸ್ಟ್ಯಾಂಡ್‌ಬೈ ಬೇಕಾದರೂ ಇಡಿ. ಯಾವುದೇ ಇರಲಿ, ಹಾಕಿಕೊಟ್ಟವರ ಬಾಯಿಮಾತು ನಂಬಬೇಡಿ. ನೀವು ಸಹಿ ಮಾಡಿದ ಒಪ್ಪಂದ ತೆಗೆದು ಓದಿ.

ಪ್ರಶ್ನೆ: ಸ್ಟ್ಯಾಂಡ್‌ಬೈ ಇರುವಾಗ ದಿನಾ ಬ್ಯಾಕಪ್ ಯಾಕೆ ಎಂದು ನಮ್ಮ ಕಾರ್ಯದರ್ಶಿಯವರು ಕೇಳುತ್ತಾರೆ. ಏನು ಹೇಳಲಿ? (ದಾವಣಗೆರೆ)

ಉತ್ತರ: ಇಲ್ಲಿ ಅಳಿಸಿದ್ದು ಅಲ್ಲೂ ಅಳಿಸಿಹೋಗುತ್ತದೆ ಎಂದು ಹೇಳಿ. ಯಾರೋ ತಪ್ಪಿ ಖಾತೆಗಳ ಟೇಬಲ್ ಡ್ರಾಪ್ ಮಾಡಿದರೆ ರೆಪ್ಲಿಕೇಷನ್ ಅದನ್ನೂ ಅಷ್ಟೇ ನಿಷ್ಠೆಯಿಂದ ಆ ಕಡೆ ಒಯ್ಯುತ್ತದೆ.

2017ರ ಜನವರಿ 31ರ ಗಿಟ್‌ಲ್ಯಾಬ್ (ಪ್ರೋಗ್ರಾಮರ್‌ಗಳು ಕೋಡ್ ಇಡುವ ಜಾಲತಾಣ) ಕಥೆಯನ್ನೂ ಹೇಳಿ. ಸ್ಟ್ಯಾಂಡ್‌ಬೈ ಹಿಂದೆ ಬಿದ್ದಿತ್ತು, ಅದನ್ನು ಖಾಲಿ ಮಾಡಿ ಹೊಸದಾಗಿ ತುಂಬಿಸೋಣ ಎಂದು ಇಂಜಿನಿಯರ್ ಒಬ್ಬರು ರಾತ್ರಿ ಹೊತ್ತು ಕೂತಿದ್ದರು, ಆದರೆ ಅಳಿಸುವ ಕಮಾಂಡ್ ಕೊಟ್ಟಿದ್ದು ಮುಖ್ಯ ಸರ್ವರ್‌ನಲ್ಲಿ. ಸುಮಾರು 300 ಜಿಬಿ ಇದ್ದದ್ದು ನಿಲ್ಲಿಸುವಷ್ಟರಲ್ಲಿ 4.5 ಜಿಬಿ ಉಳಿದಿತ್ತು. ಬ್ಯಾಕಪ್ ಹುಡುಕಿದರೆ ಇಡುವ ಜಾಗವೇ ಖಾಲಿ! ಬ್ಯಾಕಪ್ ತೆಗೆಯುವ ಪ್ರೋಗ್ರಾಮ್‌ನ ವರ್ಷನ್ ಡೇಟಾಬೇಸ್‌ಗೆ ಹೊಂದದೆ ಅದು ದಿನಾ ಫೇಲ್ ಆಗುತ್ತಿತ್ತು, ಫೇಲ್ ಆಯಿತು ಎನ್ನುವ ಮೇಲ್ ಯಾರಿಗೂ ತಲುಪಿರಲಿಲ್ಲ. ಬೇರೆ ಯಾವುದೋ ಕೆಲಸಕ್ಕೆ ಆರು ಗಂಟೆ ಹಿಂದೆ ಕೈಯಾರೆ ತೆಗೆದಿದ್ದ ಒಂದು ಕಾಪಿ ಅವರನ್ನು ಉಳಿಸಿತು. ಆ ಆರು ಗಂಟೆಯ ಡೇಟಾ ಹೋಯಿತು. ಇಷ್ಟನ್ನೂ ಅವರೇ ಬಚ್ಚಿಡದೆ ಬರೆದರು, ಅದಕ್ಕೆ ನನಗೆ ಅವರ ಮೇಲೆ ಗೌರವ ಇದೆ.

ಪ್ರಶ್ನೆ: ನಮ್ಮ ಎರಡನೇ ಸರ್ವರ್ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿದೆ. ಡಿಆರ್‌ಗೆ ಇಷ್ಟು ಸಾಕಾ? (ಮಂಗಳೂರು)

ಉತ್ತರ: ಒಂದು ಸರ್ವರ್ ಕೆಟ್ಟರೆ ಸಾಕು, ಕಟ್ಟಡಕ್ಕೇ ಬೆಂಕಿ ಬಿದ್ದರೆ ಸಾಲದು. ಷೇರು ವಿನಿಮಯ ಕೇಂದ್ರಗಳ ಡಿಆರ್ ಬೇರೆ ಭೂಕಂಪ ವಲಯದಲ್ಲಿರಲಿ, ಆಗದಿದ್ದರೆ 500 ಕಿಲೋಮೀಟರ್ ಆದರೂ ದೂರ ಇರಲಿ ಎನ್ನುತ್ತದೆ ಸೆಬಿ. ನಿಮಗೆ ಅಷ್ಟು ಬೇಡ, ಆದರೆ ಇನ್ನೊಂದು ಊರಲ್ಲಿರುವುದು ಒಳ್ಳೆಯದು.

ಜಾಗಕ್ಕಿಂತ ನನಗೆ ಹೆಚ್ಚು ಚಿಂತೆ ಬೇರೆಯದು. 2021ರ ಫೆಬ್ರವರಿ 24ರಂದು ಎನ್‌ಎಸ್‌ಇ ವಹಿವಾಟು ಬೆಳಿಗ್ಗೆ 11.40ಕ್ಕೆ ನಿಂತದ್ದು ಮತ್ತೆ ಶುರುವಾಗಿದ್ದು ಮಧ್ಯಾಹ್ನ 3.45ಕ್ಕೆ. ಚೆನ್ನೈನಲ್ಲಿ ಡಿಆರ್ ಕೇಂದ್ರ ಇತ್ತು, ಆದರೂ ವಹಿವಾಟನ್ನು ಅಲ್ಲಿಗೆ ಕೊಂಡೊಯ್ಯಲಿಲ್ಲ. ಮುಂದಿನ ತಿಂಗಳೇ ಸೆಬಿ ನಿಯಮ ಬಿಗಿ ಮಾಡಿತು: 30 ನಿಮಿಷದೊಳಗೆ ವಿಪತ್ತು ಎಂದು ಘೋಷಿಸಬೇಕು, ಅಲ್ಲಿಂದ 45 ನಿಮಿಷದಲ್ಲಿ ಡಿಆರ್‌ಗೆ ಹೋಗಬೇಕು.

ನಿಮ್ಮಲ್ಲಿ ಆ ಘೋಷಣೆ ಮಾಡುವವರು ಯಾರು? ಅವರು ರಜೆಯಲ್ಲಿದ್ದರೆ? ಆ ಎರಡು ಹೆಸರು, ಫೋನ್ ನಂಬರ್ ಸಮೇತ ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ. ಸರ್ವರ್‌ನಲ್ಲೇ ಫೈಲ್ ಮಾಡಿಟ್ಟರೆ ಸರ್ವರ್ ಹೋದ ದಿನ ಅದೂ ಸಿಗುವುದಿಲ್ಲ, ಅಲ್ವಾ? ಆಮೇಲೆ ಒಂದು ಭಾನುವಾರ ಸ್ಟ್ಯಾಂಡ್‌ಬೈಯನ್ನು ಮುಖ್ಯ ಸರ್ವರ್ ಮಾಡಿ, ಸೋಮವಾರದ ಕೌಂಟರ್ ಕೆಲಸವನ್ನು ಪೂರ್ತಿ ಅದರ ಮೇಲೇ ನಡೆಸಿ. ಪ್ರಿಂಟರ್ ಓಡುವುದಿಲ್ಲ, ಎಸ್‌ಎಂಎಸ್ ಹೋಗುವುದಿಲ್ಲ, ಯಾವುದೋ ಶಾಖೆಯಲ್ಲಿ ಹಳೇ ಐಪಿ ಉಳಿದಿದೆ ಎನ್ನುವುದೆಲ್ಲ ಗೊತ್ತಾಗುವುದು ಆ ದಿನವೇ.