ಹರಳು ಮಾತು: ಹುಡುಗಿ ಒಪ್ಪಿದ್ದು ಜೇನು ಬಣ್ಣದ ವಜ್ರ

ಪ್ರಶ್ನೆ: ಶೇಟ್ರಿಗೆ ನಮಸ್ಕಾರ. ನಮ್ಮದು ಸಾಗರದ ಹತ್ತಿರ ಹಳ್ಳಿ, ಎರಡೂವರೆ ಎಕರೆ ಅಡಿಕೆ ತೋಟ. ಮಾಘದಲ್ಲಿ ನನ್ನ ಮದುವೆ. ಹುಡುಗಿ ಶಿವಮೊಗ್ಗದಲ್ಲಿ ನರ್ಸ್. ನಿಶ್ಚಿತಾರ್ಥದ ಉಂಗುರಕ್ಕೆ ಅಂಗಡಿಯಲ್ಲಿ ಎರಡು ಗುಂಡು ವಜ್ರ ತೋರಿಸಿದರು. ಒಂದು 50 ಸೆಂಟ್ (ಅಂದರೆ ಅರ್ಧ ಕ್ಯಾರೆಟ್ ತೂಕ), ‘ಜಿ’ ಬಣ್ಣ. ಇನ್ನೊಂದು 70 ಸೆಂಟ್, ‘ಎಲ್’ ಬಣ್ಣ. ಅದರ ಸರ್ಟಿಫಿಕೇಟಿನಲ್ಲಿ ‘ಮೀಡಿಯಂ ಬ್ಲೂ’ ಅಂತಲೂ ಇದೆ. ಬೆಲೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಅವಳು ಎರಡನೆಯದನ್ನೇ ಹಿಡಿದು ಕೂತಳು, ‘ಇದರೊಳಗೆ ಸಂಜೆ ಬಿಸಿಲು ಇದ್ದ ಹಾಗಿದೆ’ ಅಂದಳು. ನಮ್ಮ ಸೋದರತ್ತೆ ಮಾತ್ರ ‘ಹಳದಿ ಹರಳು ಅಂದ್ರೆ ಮಂಕು, ಬೀಗರ ಎದುರು ಮರ್ಯಾದೆ ಹೋಗ್ತದೆ’ ಅಂತಿದ್ದಾರೆ. ಏನು ಮಾಡಲಿ?
– ಸಾಗರ ತಾಲ್ಲೂಕಿನ ಓದುಗರು

ಉತ್ತರ: ಹಾಕಿಕೊಳ್ಳುವವಳು ಅವಳು, ಒಪ್ಪಿದ್ದೂ ಅವಳೇ. ನನ್ನ ಓಟೂ 70 ಸೆಂಟಿಗೇ. ಆದರೆ ದುಡ್ಡು ಎಣಿಸುವ ಮುಂಚೆ ನೀವು ಮಾಡಬೇಕಾದ ಕೆಲಸ ಸ್ವಲ್ಪ ಇದೆ ಮಾರಾಯ್ರೇ.

ಮೊದಲು ಅತ್ತೆಯವರ ಮಾತು. ಅದನ್ನು ತಳ್ಳಿಹಾಕಬೇಡಿ, ಅವರ ಕಾಲದ ಅಳತೆಗೋಲೇ ಬೇರೆ. ನಮ್ಮ ಕಡೆ ಹಳೆಯ ಮನೆಗಳಲ್ಲಿ ವಜ್ರ ಅಂದರೆ ಏಳು ಹರಳಿನ ಓಲೆ, ಅದರಲ್ಲೂ ‘ಬ್ಲೂ ಜಾಗರ್’. ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೇನ್ ಗಣಿಯ ಹೆಸರು ನಮ್ಮ ಅಜ್ಜಿಯರ ಬಾಯಲ್ಲಿ ಹಾಗಾಯಿತು. ಆ ಗಣಿಯ ಒಳ್ಳೆಯ ಹರಳಿನಲ್ಲಿ ನೀಲಿ ಛಾಯೆಯ ಬಿಳುಪು ಇರುತ್ತಿತ್ತು. ಗಣಿ 1971ರಲ್ಲೇ ಮುಚ್ಚಿತು, ಹೆಸರು ಮಾತ್ರ ಇವತ್ತಿಗೂ ನಮ್ಮ ಕೌಂಟರಿನಲ್ಲಿ ಓಡಾಡುತ್ತದೆ. ನೀಲಿಗೆ ಒಗ್ಗಿದ ಕಣ್ಣಿಗೆ ಹಳದಿ ಸೋತ ಹಾಗೆ ಕಾಣುವುದು ಸಹಜ. ಹಾಗಂತ ಕುಚ್ಚಲಕ್ಕಿ ಅನ್ನವನ್ನು ಹಾಳಾದ ಬೆಳ್ತಿಗೆ ಅನ್ನ ಅಂತ ಯಾರಾದರೂ ಕರೆಯುತ್ತಾರಾ? ತಮಾಷೆ ಅಂದರೆ, ದಕ್ಷಿಣ ಆಫ್ರಿಕಾದ ವಜ್ರದ ಕಥೆ ಶುರುವಾಗಿದ್ದೇ 1867ರಲ್ಲಿ ಸಿಕ್ಕ ‘ಯುರೇಕಾ’ದಿಂದ. 21 ಕ್ಯಾರೆಟ್ ಚಿಲ್ಲರೆಯ ಆ ಹರಳೂ ಕಂದು ಬೆರೆತ ಹಳದಿಯದೇ. ಅಲ್ಲಿಂದ ಹಳದಿ ಛಾಯೆಯವು ರಾಶಿ ಬಂದಿದ್ದಕ್ಕೆ ವ್ಯಾಪಾರದಲ್ಲಿ ಅಂಥವಕ್ಕೆ ಆ ಸೀಮೆಯ ‘ಕೇಪ್’ ಅನ್ನುವ ಹೆಸರೇ ಬಿತ್ತು.

ಈಗ ಆ ‘ಎಲ್’. ವಜ್ರ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಅಮೆರಿಕದ ಸಂಸ್ಥೆ ಜಿಐಎ. ಅದರ ಬಣ್ಣದ ಪಟ್ಟಿ ‘ಡಿ’ಯಿಂದ ಶುರುವಾಗಿ ‘ಝಡ್’ವರೆಗೆ ಹೋಗುತ್ತದೆ. ಹಿಂದೆ ಅಂಗಡಿಗೊಂದು ರೀತಿಯಲ್ಲಿ ಎ, ಬಿ, ಸಿ ಅಂತ ಹೇಳಿ ಹೇಳಿ ಆ ಅಕ್ಷರಗಳ ಬೆಲೆಯೇ ಹೋಗಿತ್ತು, ಅದಕ್ಕೇ ಅವನ್ನು ಬಿಟ್ಟು ‘ಡಿ’ಯಿಂದ ಎಣಿಸಿದರು. ‘ಡಿ’, ‘ಇ’, ‘ಎಫ್’ ಬಣ್ಣವಿಲ್ಲದವು. ‘ಜಿ’ಯಿಂದ ‘ಜೆ’ವರೆಗಿನವು ಬಣ್ಣ ಇದ್ದೂ ಇಲ್ಲದಂಥವು. ‘ಕೆ’, ‘ಎಲ್’, ‘ಎಂ’ ಅಂದರೆ ನಸು ಛಾಯೆ. ‘ಝಡ್’ ದಾಟಿದ ಮೇಲೆ ‘ಫ್ಯಾನ್ಸಿ ಯೆಲ್ಲೋ’. ಅಲ್ಲಿ ಬಣ್ಣ ಗಾಢವಾದಷ್ಟೂ ಬೆಲೆ ಏರುತ್ತದೆ. ನಿಮ್ಮದು ಆ ಜಾತಿ ಅಲ್ಲ. ಯಾರಾದರೂ ‘ಶಾಂಪೇನ್’, ‘ಹನಿ’ ಅಂತ ಚಂದದ ಹೆಸರಿಟ್ಟು ‘ಎಲ್’ ಹರಳಿಗೆ ಜಾಸ್ತಿ ಕೇಳಿದರೆ ಎದ್ದು ಬನ್ನಿ. ಈ ಛಾಯೆಯ ಲಾಭವೇ ಕಡಿಮೆ ಬೆಲೆ, ಅದನ್ನು ಹೆಸರಿಗೆ ಸುರಿಯಬಾರದು.

ಆ ಅಕ್ಷರ ಹೇಗೆ ಹಾಕುತ್ತಾರೆ ಗೊತ್ತಾ? ಹರಳನ್ನು ಬೋರಲು ಹಾಕಿ, ಬೆನ್ನಿನ ಕಡೆಯಿಂದ, ಬಿಳಿ ಹಿನ್ನೆಲೆಯಲ್ಲಿ, ಮಾದರಿ ಹರಳುಗಳ ಪಕ್ಕ ಇಟ್ಟು ನೋಡುತ್ತಾರೆ. ಮುಖದ ಕಡೆಯ ಹೊಳಪು ಬಣ್ಣವನ್ನು ಮುಚ್ಚಿಬಿಡುತ್ತದೆ ಅನ್ನುವುದೇ ಕಾರಣ. ನಿಮ್ಮ ಹುಡುಗಿ ಉಂಗುರ ಹಾಕುವುದು ಮುಖ ಮೇಲಾಗಿ, ಹಳದಿ ಚಿನ್ನದಲ್ಲಿ, ನಮ್ಮಂಥವರ ಎಣ್ಣೆಗೆಂಪು ಬೆರಳಿಗೆ. ಪಕ್ಕದಲ್ಲಿ ಮಾದರಿ ಹರಳು ಹಿಡಿದುಕೊಂಡು ಬೀಗರು ಯಾರೂ ಬರುವುದಿಲ್ಲ.

ಅಕ್ಷರಕ್ಕಿಂತ ನೋಡಬೇಕಾದ್ದು ಛಾಯೆ ಯಾವುದು ಅಂತ. ಹಳದಿ ಬರುವುದು ಇಂಗಾಲದ ನಡುವೆ ಸೇರಿಕೊಂಡ ಸಾರಜನಕದಿಂದ. ಕಂದು ಸಾಮಾನ್ಯವಾಗಿ ಬರುವುದು ಹರಳು ಭೂಮಿಯೊಳಗಿದ್ದಾಗಲೇ ಒತ್ತಡಕ್ಕೆ ಸಿಕ್ಕಿ ಅದರ ಒಳಕಟ್ಟು ಜರುಗಿದ್ದರಿಂದ. ಎರಡರಲ್ಲೂ ಚಂದದ್ದಿದೆ, ಎರಡರಲ್ಲೂ ಕೊಳಕೂ ಇದೆ. ತುಡುವೆ ಜೇನಿನ ಹಾಗೆ, ಇಲ್ಲ ತಿಳಿಯಾದ ಜೋನಿ ಬೆಲ್ಲದ ಹಾಗೆ ಕಂಡರೆ ಕಣ್ಣು ಮುಚ್ಚಿ ತಗೊಳ್ಳಿ. ಅಡಿಕೆ ಬೇಯಿಸಿದ ಚೊಗರಿಗೆ ನೀರು ಹಾಕಿದ ಹಾಗೆ ಬೂದು ಬೆರೆತಿದ್ದರೆ ಬಿಡಿ, ಅತ್ತೆ ಮಂಕು ಅನ್ನುವುದು ಅದಕ್ಕೇ. ಜಿಐಎ ಸರ್ಟಿಫಿಕೇಟ್ ಆದರೆ ಒಂದು ಗುರುತಿದೆ: ‘ಕೆ’ಯಿಂದ ‘ಎಂ’ವರೆಗಿನ ಕಂದು ಹರಳಿಗೆ ಅಕ್ಷರದ ಜೊತೆ ‘ಫೇಂಟ್ ಬ್ರೌನ್’ ಅಂತ ಬರೆಯುತ್ತಾರೆ. ಬರೀ ‘ಎಲ್’ ಅಂತಿದ್ದರೆ ಹೆಚ್ಚಾಗಿ ಹಳದಿ.

ಇದನ್ನೆಲ್ಲ ನಾನು ಕಲಿತಿದ್ದು ದುಡ್ಡು ಕಳೆದು. ಪ್ರಾಯದಲ್ಲಿ ನಾಲ್ಕು ವರ್ಷ ಸೂರತ್ತಿನಲ್ಲಿ ಹರಳು ವಿಂಗಡಿಸುವ ಕೆಲಸ ಮಾಡಿದೆ. ಊರಿಗೆ ವಾಪಸಾಗುವಾಗ ಉಳಿಸಿದ ಹಣಕ್ಕೆಲ್ಲ ಒಬ್ಬ ದಲ್ಲಾಳಿಯ ಹತ್ತಿರ ಒಂದು ಪೊಟ್ಟಣ ವಜ್ರ ಕೊಂಡೆ. ಟ್ಯೂಬ್‌ಲೈಟ್ ಕೆಳಗೆ ಮಲ್ಲಿಗೆ ಮೊಗ್ಗಿನ ಹಾಗಿದ್ದವು. ತೀರ್ಥಹಳ್ಳಿಯ ಮನೆ ಜಗಲಿಯಲ್ಲಿ, ಆಷಾಢದ ಮಳೆ ಹೊಯ್ಯುತ್ತಿದ್ದಾಗ, ಅಪ್ಪನ ಎದುರು ಹೆಮ್ಮೆಯಿಂದ ಬಿಚ್ಚಿದೆ. ಅಪ್ಪ ಜೀವಮಾನದಲ್ಲಿ ಸೂರತ್ ಕಂಡವರಲ್ಲ. ಪೊಟ್ಟಣದ ಒಳಗಿನ ತೆಳು ನೀಲಿ ಕಾಗದ ಎಳೆದು ಬದಿಗಿಟ್ಟು, ಹರಳುಗಳನ್ನು ಪಂಚಾಂಗದ ರಟ್ಟಿನ ಬಿಳಿ ಒಳಮೈ ಮೇಲೆ ಸುರಿದರು. ಅರ್ಧಕ್ಕರ್ಧ ಹಳದಿ! ‘ಪಂಚೆಗೆ ನೀಲಿ ಹಾಕ್ತಾರೆ, ಹರಳಿಗೂ ಹಾಕ್ತಾರೆ ಅಂತ ಗೊತ್ತಿರಲಿಲ್ಲ’ ಅಂತ ನಕ್ಕು ಕುಲುಮೆ ಕಡೆ ಹೋದರು. ಆ ಹಳದಿ ಹರಳುಗಳನ್ನು ಅಪ್ಪನೇ ಆಮೇಲೆ ಚಿನ್ನದ ಮೂಗುಬಟ್ಟಿಗೆ ಕಟ್ಟಿ ಕೊಟ್ಟರು. ಬಿಳಿಯವಕ್ಕಿಂತ ಬೇಗ ಖರ್ಚಾದವು.

ಆದ್ದರಿಂದ ನೀವು ಹೀಗೆ ಮಾಡಿ. ಶಿವಮೊಗ್ಗದ ಗಾಂಧಿ ಬಜಾರಿಗೆ ಬರುವುದಾದರೆ ಹಗಲು, ಮೋಡ ಇರುವ ದಿನ ಬನ್ನಿ. ವಜ್ರದ ಬಣ್ಣ ನೋಡಲು ಹಿಂದಿನವರು ಉತ್ತರದ ಕಿಟಕಿ ಹುಡುಕುತ್ತಿದ್ದರು, ನೇರ ಬಿಸಿಲು ಬೀಳಬಾರದು ಅಂತ. ನಮಗೆ ಮಳೆಗಾಲದ ಆಕಾಶ ಪೂರ್ತಿ ಉತ್ತರದ ಕಿಟಕಿಯೇ. ಅಂಗಡಿಯ ಸ್ಪಾಟ್‌ಲೈಟ್ ಬಿಟ್ಟು ಬಾಗಿಲ ಹತ್ತಿರ ಬನ್ನಿ. ಬಿಳಿ ಕಾರ್ಡನ್ನು ನಡುವೆ ಮಡಚಿ ಸಂದಿನಲ್ಲಿ ಎರಡೂ ಹರಳನ್ನು ಬೋರಲಾಗಿ ಇಡಿ. ಅವುಗಳ ಮೇಲೆ ಹಾ ಅಂತ ಉಸಿರು ಬಿಡಿ. ಹಬೆ ಹೊಳಪನ್ನು ಒಂದು ಕ್ಷಣ ಮುಚ್ಚುತ್ತದೆ, ಮೈಬಣ್ಣ ಎದ್ದು ಕಾಣುತ್ತದೆ. ಅಷ್ಟಾದ ಮೇಲೆ ತಿರುಗಿಸಿ ಹುಡುಗಿಯ ಬೆರಳ ಸಂದಿನಲ್ಲಿಟ್ಟು ಒಂದು ಮಾರು ದೂರದಿಂದ ನೋಡಿ. ಅಲ್ಲೂ ಅವಳಿಗೆ ಅದೇ ಬೇಕು ಅನಿಸಿದರೆ ಮಾತು ಮುಗಿಯಿತು.

‘ಮೀಡಿಯಂ ಬ್ಲೂ’ ಅಂದರೆ ಹೆದರಬೇಡಿ. ಅತಿನೇರಳೆ ಕಿರಣ ಬಿದ್ದಾಗ ಹರಳು ನೀಲಿಯಾಗಿ ಬೆಳಗುವ ಗುಣ ಅದು. ಬಿಸಿಲಿನಲ್ಲಿ ಆ ಕಿರಣ ಇರುವುದರಿಂದ ನೀಲಿ ಎದ್ದು ಹಳದಿಯನ್ನು ಸ್ವಲ್ಪ ತಿನ್ನುತ್ತದೆ. ಅಪ್ಪ ಹೇಳಿದ ಪಂಚೆಯ ನೀಲಿಯೇ, ಇಲ್ಲಿ ಹರಳಿನ ಹುಟ್ಟುಗುಣ. ತೋಟದ ಬಿಸಿಲಿನಲ್ಲಿ ನಿಮ್ಮ ‘ಎಲ್’ ಇನ್ನೂ ಬಿಳಿಯಾಗಿ, ಮನೆಯೊಳಗೆ ದೀಪದ ಬೆಳಕಿನಲ್ಲಿ ಜೇನಾಗಿ ಕಾಣಬಹುದು. ಕೆಲವೇ ಕೆಲವು ಹರಳಿನಲ್ಲಿ, ಅದೂ ಬೆಳಗುವ ಗುಣ ತೀರಾ ಜೋರಾಗಿದ್ದರೆ, ಆಗುಂಬೆಯ ಮಂಜು ಕವಿದ ಹಾಗೆ ಮಸುಕಿರುತ್ತದೆ. ಒಂದು ಸಲ ಮಧ್ಯಾಹ್ನದ ಬಿಸಿಲಿಗೆ ಹಿಡಿದರೆ ಗೊತ್ತಾಗುತ್ತದೆ.

ಕಟಿಂಗ್ ಬಗ್ಗೆ ಮಾತ್ರ ಜಿಪುಣತನ ಬೇಡ. ಛಾಯೆಯ ಹರಳಿಗೆ ಜೀವ ಕೊಡುವುದೇ ಅದು. ಸರ್ಟಿಫಿಕೇಟಿನಲ್ಲಿ ಕಟ್ ‘ಎಕ್ಸಲೆಂಟ್’ ಇರಲಿ. 70 ಸೆಂಟ್ ಅಂದರೆ 140 ಮಿಲಿಗ್ರಾಂ, ಒಂದು ಗುಲಗಂಜಿಗಿಂತ ತುಸು ಹೆಚ್ಚು. ಸರಿಯಾಗಿ ಕತ್ತರಿಸಿದ ಗುಂಡು ಹರಳಾದರೆ ಅಗಲ 5.7 ಮಿಲಿಮೀಟರ್ ಆಸುಪಾಸು ಬರಬೇಕು. ತೀರಾ ಕಡಿಮೆ ಇದ್ದರೆ ತೂಕವೆಲ್ಲ ಹೊಟ್ಟೆಯಲ್ಲಿದೆ ಅಂತ ಅರ್ಥ; ದುಡ್ಡು ತೂಕಕ್ಕೆ ಕೊಡುತ್ತೀರಿ, ಕಣ್ಣಿಗೆ ಕಾಣುವುದು ಸಣ್ಣದು.

ಕಟ್ಟು 18 ಕ್ಯಾರೆಟ್ ಹಳದಿ ಚಿನ್ನದಲ್ಲೇ ಮಾಡಿಸಿ. ಪ್ಲಾಟಿನಂ ಬೇಡ, ಆ ಬಿಳುಪಿನ ಪಕ್ಕ ‘ಎಲ್’ ಹಳದಿ ಎದ್ದು ಹೊಡೆಯುತ್ತದೆ. 22 ಕ್ಯಾರೆಟ್ ಮೆತ್ತಗೆ, ಹರಳು ಹಿಡಿದ ಕಾಲುಗಳು ಬೇಗ ಬಾಗುತ್ತವೆ. ಹುಡುಗಿ ನರ್ಸ್ ಅಂದಿರಿ. ದಿನಕ್ಕೆ ಎಷ್ಟು ಸಲ ಗ್ಲೌಸ್ ಹಾಕಿ ತೆಗೆಯಬೇಕೋ ಏನೋ. ಎತ್ತರದ ಕಾಲುಗಳು ಗ್ಲೌಸ್ ಹರಿಯುತ್ತವೆ. ಸುತ್ತಲೂ ಚಿನ್ನದ ಅಂಚು ಎತ್ತಿ ಹರಳು ಕೂರಿಸುವ ಕಟ್ಟು ಇದೆ, ಅಂಗಡಿಯಲ್ಲಿ ಬೆಜೆಲ್ ಅನ್ನುತ್ತಾರೆ. ಚಿನ್ನದ ಬಣ್ಣ ಒಳಗೆ ಹಾಯ್ದು ಹರಳು ಇನ್ನೂ ಒಂದು ಪಾಲು ಜೇನಾಗುತ್ತದೆ, ಅವಳಿಗೆ ಬೇಕಾದ್ದೂ ಅದೇ ಅಲ್ಲವಾ?

ಬಿಲ್ಲಿನಲ್ಲಿ ಚಿನ್ನದ ತೂಕ, ಹರಳಿನ ತೂಕ ಬೇರೆ ಬೇರೆ ಬರೆಸಿ. ಚಿನ್ನದ ಮೇಲೆ 18 ಕ್ಯಾರೆಟ್ ಶುದ್ಧತೆಯ 750 ಮುದ್ರೆ, ಆರು ಅಕ್ಷರ-ಅಂಕಿಯ ಹಾಲ್‌ಮಾರ್ಕ್ ಗುರುತು ಸಂಖ್ಯೆ ಎಚ್‌ಯುಐಡಿ ನೋಡಿ. ಬಿಐಎಸ್ ಕೇರ್ ಆ್ಯಪಿನಲ್ಲಿ ಅಲ್ಲೇ ಕೂತು ಪರೀಕ್ಷಿಸಬಹುದು. ವಾಪಸ್ ಕೊಟ್ಟರೆ ಎಷ್ಟು ಕೊಡುತ್ತಾರೆ ಅಂತಲೂ ಬರೆಸಿಕೊಳ್ಳಿ. ‘ಜಿ’ ಇರಲಿ ‘ಎಲ್’ ಇರಲಿ, ವಜ್ರ ಅಡಿಕೆ ಅಲ್ಲ, ದರ ಏರಲಿ ಅಂತ ಕಾಯ್ದಿಡುವ ವಸ್ತು ಅಲ್ಲ.

ಅತ್ತೆಯವರನ್ನು ಒಪ್ಪಿಸಲು ಒಂದು ಮಾತು ಕೊಡುತ್ತೇನೆ. ವರಾಹಮಿಹಿರ ವಜ್ರದ ಬಣ್ಣ ಹಂಚುವಾಗ ಕೆಂಪು, ಹಳದಿಯನ್ನು ರಾಜರಿಗೆ ಇಟ್ಟಿದ್ದಾನೆ. ಸೊಸೆಗೆ ರಾಣಿಯ ಹರಳು ತಂದೆ ಅನ್ನಿ.

ಪ್ರಶ್ನೆ: ಲ್ಯಾಬಿನಲ್ಲಿ ಬೆಳೆಸಿದ ವಜ್ರದಲ್ಲೂ ಇಂಥ ಛಾಯೆ ಬರುತ್ತದಾ?
– ಹೊಸನಗರದ ಓದುಗರು

ಉತ್ತರ: ಬರುತ್ತದೆ. ಸಿವಿಡಿ ವಿಧಾನದಲ್ಲಿ, ಅಂದರೆ ಅನಿಲದಿಂದ ಪದರ ಪದರವಾಗಿ ಬೆಳೆದವು ಎಷ್ಟೋ ಸಲ ಕಂದು ಛಾಯೆಯಲ್ಲೇ ಹುಟ್ಟುತ್ತವೆ, ಆಮೇಲೆ ಶಾಖ, ಒತ್ತಡ ಕೊಟ್ಟು ಬಿಳುಪು ಮಾಡುತ್ತಾರೆ. ವಜ್ರ ಅನ್ನುವುದರಲ್ಲಿ ಸುಳ್ಳಿಲ್ಲ. ಆದರೆ ಅಲ್ಲಿ ಬಿಳಿಯದೇ ಅಗ್ಗಕ್ಕೆ ಸಿಗುವುದರಿಂದ, ದುಡ್ಡು ಉಳಿಸಲು ಛಾಯೆಯದನ್ನು ಹುಡುಕುವುದರಲ್ಲಿ ಅರ್ಥವಿಲ್ಲ. ಬಣ್ಣ ಇಷ್ಟ ಅಂತಲೇ ಆದರೆ ತಗೊಳ್ಳಿ.

ಪ್ರಶ್ನೆ: ಅಜ್ಜಿಯ ಏಳು ಹರಳಿನ ಓಲೆ ನನಗೆ ಬಂದಿದೆ. ಹರಳೆಲ್ಲ ಹಳದಿಯಾಗಿವೆ. ವಯಸ್ಸಾದರೆ ವಜ್ರವೂ ಹಳದಿಯಾಗುತ್ತದಾ? ಒಂದನ್ನು ತೆಗೆದು ಮಗಳಿಗೆ ಉಂಗುರ ಮಾಡಿಸುವ ಆಸೆ.
– ತೀರ್ಥಹಳ್ಳಿಯ ಓದುಗರು

ಉತ್ತರ: ಅಮ್ಮಾ, ವಯಸ್ಸಾಗುವುದು ನಮಗೆ, ವಜ್ರಕ್ಕಲ್ಲ. ಅದು ಎಣ್ಣೆಯನ್ನು ಬೇಗ ಹಿಡಿಯುತ್ತದೆ. ಅಜ್ಜಿಯ ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಮುಖದ ಅರಿಶಿನ, ಸೋಪು ಎಲ್ಲ ಹಿಂಬದಿಯಲ್ಲಿ ಸೇರಿ ಪದರ ಕಟ್ಟಿರುತ್ತದೆ. ಹಿಂಬದಿ ತೆರೆದ ಕಟ್ಟಾದರೆ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ಎರಡು ಹನಿ ಹಾಕಿ, ಹಳೆಯ ಮೆತ್ತನೆಯ ಬ್ರಶ್ಶಿನಿಂದ ಉಜ್ಜಿ. ಹಿಂಬದಿ ಮುಚ್ಚಿದ್ದರೆ ನೀರಿಗೆ ಹಾಕಲೇಬೇಡಿ; ಒಳಗೆ ಹೊಳಪಿಗೆ ಇಟ್ಟ ತಗಡಿದ್ದರೆ ನೀರು ಇಳಿದು ಕಪ್ಪಾಗುತ್ತದೆ. ಅಕ್ಕಸಾಲಿಯ ಹತ್ತಿರ ಬಿಚ್ಚಿಸಿ ತೊಳೆಸಿ. ಆಮೇಲೂ ಹಳದಿ ಉಳಿದರೆ ಅದು ಹುಟ್ಟು ಬಣ್ಣ, ಮೇಲಿನ ಸಾಗರದವರ ಹರಳಿನ ಅಕ್ಕನೋ ಅಜ್ಜಿಯೋ ಅಂದುಕೊಳ್ಳಿ. ಹಳದಿ ಚಿನ್ನದ ಉಂಗುರಕ್ಕೆ ಹೇಳಿ ಮಾಡಿಸಿದ್ದು.

ಬೆಸುಗೆ ಹಾಕುವಾಗ ಹರಳಿಗೆ ನೇರ ಉರಿ ತಾಗದಂತೆ ಹೇಳಿ, ವಜ್ರವೂ ಇಂಗಾಲವೇ, ಸುಟ್ಟರೆ ಮೇಲ್ಮೈ ಮಸುಕಾಗುತ್ತದೆ. ಒಂದು ಓಲೆಯಿಂದ ಒಂದೇ ಹರಳು ತೆಗೆದರೆ ಜೋಡಿ ಕೆಡುತ್ತದೆ, ಎರಡೂ ಓಲೆಯ ನಡುಹರಳು ತೆಗೆಸಿ. ಒಂದು ಮಗಳಿಗೆ, ಇನ್ನೊಂದು ನಿಮಗೆ. ಅಂಗಡಿಗೆ ಬರುವಾಗ ತಿರುಪು ಮರೆಯಬೇಡಿ. ಅರ್ಧ ಜನ ಓಲೆ ತರುತ್ತಾರೆ, ತಿರುಪು ಊರಲ್ಲಿ ಬಿಟ್ಟು ಬಂದಿರುತ್ತಾರೆ.